ರಾತ್ರಿಯ ಜೆಲ್ ಒಂದೇ ಮದ್ದು, ಉಳಿದದ್ದೆಲ್ಲ ಅದಕ್ಕೆ ಆಸರೆ

ಪ್ರಶ್ನೆ: ನನಗೆ 24 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಮೂರು ವರ್ಷಗಳಿಂದ ಕೆನ್ನೆ ಮತ್ತು ಗದ್ದದ ಮೇಲೆ ಮೊಡವೆ ಏಳುತ್ತಲೇ ಇದೆ, ಹೋದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಚರ್ಮರೋಗ ವೈದ್ಯರು ರಾತ್ರಿ ಹಚ್ಚಿಕೊಳ್ಳಲು ಶೇ. 0.1ರ ಅಡಾಪಲೀನ್ ಜೆಲ್, ಹಗಲಿಗೆ ಸನ್‌ಸ್ಕ್ರೀನ್ ಬರೆದುಕೊಟ್ಟರು. ಹನ್ನೆರಡು ದಿನ ತಪ್ಪದೆ ಹಚ್ಚಿದ್ದೇನೆ. ಈಗ ಬಾಯಿಯ ಸುತ್ತ ಸಿಪ್ಪೆ ಏಳುತ್ತಿದೆ, ನೀರು ತಾಗಿದರೂ ಉರಿಯುತ್ತದೆ, ಮೊದಲು ಇಲ್ಲದಿದ್ದ ಹಣೆಯ ಮೇಲೂ ಸಣ್ಣ ಗುಳ್ಳೆಗಳು ಬಂದಿವೆ. ಆ ಜೆಲ್ ಬಿಟ್ಟು ಕಡಲೆಹಿಟ್ಟು, ಅರಿಶಿನ ಹಚ್ಚು ಎಂದು ಅಮ್ಮ ಹೇಳುತ್ತಾರೆ. ರೂಮಿನ ಗೆಳತಿಯ ಮಾತು ಕೇಳಿ ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್, ವಿಟಮಿನ್ ಸಿ ಸೀರಮ್ ಮತ್ತು ಒಂದು ಟೋನರ್ ಕೊಂಡು ಬಳಸುತ್ತಿದ್ದೇನೆ. ಜೆಲ್ ನಿಲ್ಲಿಸಬೇಕೇ? ಯಾವುದನ್ನು ಯಾವಾಗ ಹಚ್ಚಬೇಕು? ನಾಲ್ಕೂವರೆ ತಿಂಗಳಿಗೆ ಅಕ್ಕನ ಮದುವೆಯಿದೆ, ಅಷ್ಟರೊಳಗೆ ಮುಖ ಸರಿಹೋಗುತ್ತದೆಯೇ?

ಉತ್ತರ: ಜೆಲ್ ಅನ್ನು ಬಿಡಬೇಡಿ, ಆದರೆ ಇಂದಿನಿಂದ ಐದು ರಾತ್ರಿ ಹಚ್ಚಬೇಡಿ. ಔಷಧಿ ನಿಮಗೆ ಒಗ್ಗುವುದಿಲ್ಲ ಎಂದು ತೀರ್ಮಾನಿಸಲು ಹನ್ನೆರಡು ದಿನ ಸಾಲದು. ಅದನ್ನು ಹಚ್ಚುತ್ತಿರುವ ರೀತಿ ಒಗ್ಗುತ್ತಿಲ್ಲ ಎಂದು ತಿಳಿಯಲು ಅಷ್ಟು ದಿನ ಧಾರಾಳವಾಗಿ ಸಾಕು. ಬಾಯಿಯ ಸುತ್ತ ಸಿಪ್ಪೆ ಏಳುವುದು, ನೀರು ತಾಗಿದರೆ ಉರಿಯುವುದು, ಇವು ನಿಮ್ಮ ಜೆಲ್ ಸೇರಿರುವ ರೆಟಿನಾಯ್ಡ್ ಗುಂಪಿನ ಲೇಪಗಳನ್ನು ಆರಂಭಿಸಿದ ಮೊದಲ ಎರಡರಿಂದ ನಾಲ್ಕು ವಾರಗಳಲ್ಲಿ ಬಹಳ ಜನರಲ್ಲಿ ಕಾಣುವ ತೊಂದರೆಗಳು. ನಿಮ್ಮ ವಿಷಯದಲ್ಲಿ ಇದರ ಮೇಲೆ ಸ್ಯಾಲಿಸಿಲಿಕ್ ಆಮ್ಲ, ವಿಟಮಿನ್ ಸಿ, ಟೋನರ್ ಮೂರೂ ಸೇರಿವೆ. ಹೀಗಾಗಿ ಉರಿಯಲ್ಲಿ ಜೆಲ್‌ನ ಪಾಲೆಷ್ಟು, ಉಳಿದವುಗಳ ಪಾಲೆಷ್ಟು ಎಂದು ನೀವಾಗಲಿ ನಿಮ್ಮ ವೈದ್ಯರಾಗಲಿ ಬೇರ್ಪಡಿಸಿ ಹೇಳುವಂತಿಲ್ಲ. ನಿಮ್ಮ ಮುಖಕ್ಕೆ ಸದ್ಯ ಮದ್ದು ಎಂದರೆ ಆ ಜೆಲ್ ಒಂದೇ. ಉಳಿದ ಪ್ರತಿಯೊಂದೂ ಚರ್ಮವು ಆ ಮದ್ದನ್ನು ತಾಳಿಕೊಳ್ಳುವಂತೆ ಮಾಡುವುದಕ್ಕಷ್ಟೇ ಇರಬೇಕು. ಆ ಕೆಲಸಕ್ಕೆ ಬಾರದ್ದು ಎಷ್ಟೇ ಒಳ್ಳೆಯದಾಗಿದ್ದರೂ ಈಗ ಬೀರುವಿನಲ್ಲಿರಲಿ.

ಕನ್ನಡಿಯಲ್ಲಿ ಇಂದು ಕಾಣುವ ಮೊಡವೆ ಇಂದು ಹುಟ್ಟಿದ್ದಲ್ಲ. ರೋಮಕೂಪದ ಒಳಗೋಡೆಯಿಂದ ಕಳಚಿ ಹೊರಬರಬೇಕಾದ ಸತ್ತ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು, ತೈಲಗ್ರಂಥಿಯ ಜಿಡ್ಡಿನೊಂದಿಗೆ ಸೇರಿ, ಬಾಟಲಿಯ ಬಾಯಿಗೆ ಬಿರಡೆ ಹಾಕಿದಂತೆ ಕುಳಿತುಬಿಡುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಬಿರಡೆ ವಾರಗಟ್ಟಲೆ ಒಳಗೇ ಬೆಳೆದು, ಆಮೇಲೆ ಬಿಳಿ ಅಥವಾ ಕಪ್ಪು ತಲೆಯ ಕಾಳಾಗಿಯೋ, ಉರಿಯೂತ ಸೇರಿದಾಗ ಕೆಂಪು ಗುಳ್ಳೆಯಾಗಿಯೋ ಹೊರಗೆ ಕಾಣಿಸುತ್ತದೆ. ವಿಟಮಿನ್ ಎ ಬಳಗಕ್ಕೆ ಸೇರಿದ ರೆಟಿನಾಯ್ಡ್‌ಗಳು ಜೀವಕೋಶದೊಳಗಿನ ರೆಟಿನಾಯಿಕ್ ಆಮ್ಲದ ಗ್ರಾಹಕಗಳನ್ನು, ಎಂದರೆ ಅದರ ಸಂದೇಶವನ್ನು ಹಿಡಿಯುವ ಅಣುಗಳನ್ನು, ಸೇರಿ, ಕೋಶಗಳು ಹೀಗೆ ಅಂಟಿಕೊಳ್ಳುವುದನ್ನೇ ತಡೆಯುತ್ತವೆ, ಉರಿಯೂತವನ್ನೂ ತಗ್ಗಿಸುತ್ತವೆ. ಎಂದರೆ ಇದು ಎದ್ದ ಮೊಡವೆಯ ತಲೆಗೆ ಒತ್ತುವ ಮದ್ದಲ್ಲ, ಮುಂದಿನ ತಿಂಗಳು ಏಳಬೇಕಿದ್ದ ಮೊಡವೆ ಹುಟ್ಟದಂತೆ ನೋಡಿಕೊಳ್ಳುವ ಮದ್ದು. ಮೊಡವೆ ಇರುವ ಚುಕ್ಕೆಗಳಿಗೆ ಮಾತ್ರ ಹಚ್ಚದೆ ಇಡೀ ಕೆನ್ನೆಗೆ, ಇಡೀ ಗದ್ದಕ್ಕೆ ತೆಳುವಾಗಿ ಹಚ್ಚಬೇಕೆನ್ನುವುದು ಇದಕ್ಕಾಗಿಯೇ.

ಈ ಬಳಗದ ಹಿರಿಯ ಔಷಧಿಯಾದ ಟ್ರೆಟಿನಾಯಿನ್‌ಗೆ ಅಮೆರಿಕದಲ್ಲಿ ಮೊಡವೆಯ ಚಿಕಿತ್ಸೆಗಾಗಿ ಅನುಮತಿ ಸಿಕ್ಕಿದ್ದು 1971ರಲ್ಲಿ. ನಿಮಗೆ ಬರೆದುಕೊಟ್ಟಿರುವ ಅಡಾಪಲೀನ್ ಅಲ್ಲಿ ಬಂದದ್ದು 1996ರಲ್ಲಿ. ಎಲ್ಲ ಗ್ರಾಹಕಗಳನ್ನೂ ಒಂದೇ ಸಮನೆ ಕೆಣಕದೆ ಕೆಲವನ್ನು ಮಾತ್ರ ಆಯ್ದುಕೊಳ್ಳುವ ಗುಣ ಇರುವುದರಿಂದ ಇದು ಟ್ರೆಟಿನಾಯಿನ್‌ಗಿಂತ ಸೌಮ್ಯ. ಬೆಳಕಿಗೆ ಬೇಗ ಕೆಡುವುದೂ ಇಲ್ಲ. 2016ರಿಂದ ಅಮೆರಿಕದಲ್ಲಿ ಶೇ. 0.1ರ ಅಡಾಪಲೀನ್ ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ಸಿಗುತ್ತದೆ. ಹಾಗಾಗಿ ಅಲ್ಲಿಂದ ರಜೆಗೆ ಬರುವ ಬಂಧುಗಳು ಚಾಕೊಲೇಟಿನ ಜೊತೆ ಇದರ ಟ್ಯೂಬನ್ನೂ ತಂದು ಹಂಚುವುದನ್ನು ನಾನು ಕಂಡಿದ್ದೇನೆ. ಚೀಟಿ ಬೇಡ ಎಂದಮಾತ್ರಕ್ಕೆ ಹಚ್ಚುವ ಕ್ರಮವೂ ಬೇಡವೆಂದಲ್ಲ. ನಿಮಗೆ ಚೀಟಿ ಸಿಕ್ಕಿತು, ಕ್ರಮವನ್ನು ವಿವರಿಸಿ ಹೇಳುವಷ್ಟು ಹೊತ್ತು ಬಹುಶಃ ಯಾರಿಗೂ ಇರಲಿಲ್ಲ. ತುಂಬಿದ ಹೊರರೋಗಿ ವಿಭಾಗದಲ್ಲಿ ಕುಳಿತು ಇದೇ ತಪ್ಪನ್ನು ನಾನೂ ಎಷ್ಟೋ ಸಲ ಮಾಡಿದ್ದೇನೆ.

ಇನ್ನು ಉರಿಯ ವಿಷಯ. ಚರ್ಮದ ಹೊರಪದರವನ್ನು ಹೆಂಚಿನ ಮಾಡು ಎಂದುಕೊಳ್ಳಿ. ಒಂದರ ಮೇಲೊಂದು ಹೊದಿಸಿದ ಸತ್ತ ಕೋಶಗಳು ಹೆಂಚುಗಳಾದರೆ, ಅವುಗಳ ನಡುವಿನ ಸಂದುಗಳನ್ನು ಸೆರಮೈಡ್ ಮುಂತಾದ ಕೊಬ್ಬಿನಂಶಗಳು ಮುಚ್ಚಿರುತ್ತವೆ. ಒಳಗಿನ ತೇವ ಆವಿಯಾಗದಂತೆಯೂ ಹೊರಗಿನ ಸೋಪು, ಧೂಳು ಒಳಗಿಳಿಯದಂತೆಯೂ ಕಾಯುವುದು ಈ ಮಾಡು. ರೆಟಿನಾಯ್ಡ್ ಹಚ್ಚಿದಾಗ ಹೆಂಚುಗಳು ಮಾಮೂಲಿಗಿಂತ ಬೇಗ ಬದಲಾಗತೊಡಗುತ್ತವೆ. ಒಂದೊಂದೇ ಸಾಲು ತೆಗೆದು ಹೊದಿಸುತ್ತ ಹೋದರೆ ಮನೆಯವರಿಗೆ ಗೊತ್ತೂ ಆಗುವುದಿಲ್ಲ; ಒಂದೇ ದಿನ ಅರ್ಧ ಮಾಡು ಬಿಚ್ಚಿದರೆ ನಾಲ್ಕು ಹನಿ ಮಳೆಗೂ ಮನೆಯೊಳಗೆ ಪಾತ್ರೆ ಇಡಬೇಕಾಗುತ್ತದೆ. ನಿಮ್ಮ ಮುಖ ಬರಿಯ ನೀರಿಗೂ ಉರಿಯುತ್ತಿರುವುದು ಅದೇ ಕಾರಣಕ್ಕೆ. ನಮ್ಮಂಥ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮಕ್ಕೆ ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಎಲ್ಲಿ ಉರಿಯೂತವಾಗುತ್ತದೋ ಅಲ್ಲಿ ನಮ್ಮ ಚರ್ಮ ಮೆಲನಿನ್ ಎಂಬ ಕಪ್ಪು ಬಣ್ಣವನ್ನು ಹೆಚ್ಚು ಸುರಿಯುತ್ತದೆ. ಮೊಡವೆಯ ಉರಿಯೂತಕ್ಕೂ ಔಷಧಿಯ ಉರಿಯೂತಕ್ಕೂ ಅದು ಭೇದವೆಣಿಸುವುದಿಲ್ಲ. ಕಲೆ ಹೋಗಲೆಂದು ಹಚ್ಚಿದ ಲೇಪವನ್ನು ಉರಿಯುವಷ್ಟು ಹಚ್ಚಿದರೆ ಬಾಯಿಯ ಸುತ್ತ ಹೊಸ ಕಪ್ಪು ಬಳೆಯೇ ಮೂಡಬಹುದು. ‘ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ’ ಎನ್ನುವ ಮಾತನ್ನು ನೀವು ಕೇಳಿರಬಹುದು. ಅದು ತಪ್ಪು. ಸಿಪ್ಪೆ ಏಳದೆಯೂ ಈ ಔಷಧಿ ಪೂರ್ತಿ ಕೆಲಸ ಮಾಡುತ್ತದೆ.

ಹಾಗಾದರೆ ಈ ಐದು ರಾತ್ರಿ ಏನು ಮಾಡಬೇಕು? ಹೆಚ್ಚೇನೂ ಇಲ್ಲ. ಸೌಮ್ಯವಾದ ಒಂದು ಕ್ಲೆನ್ಸರ್, ಒಂದು ಮಾಯಿಶ್ಚರೈಸರ್, ಹಗಲಿನಲ್ಲಿ ಸನ್‌ಸ್ಕ್ರೀನ್, ಇಷ್ಟೇ. ಮಾಯಿಶ್ಚರೈಸರನ್ನು ದಿನಕ್ಕೆ ಮೂರು ನಾಲ್ಕು ಬಾರಿ ಹಚ್ಚಿದರೂ ಅಡ್ಡಿಯಿಲ್ಲ. ಬಾಯಿಯ ಕೊನೆ ಸೀಳಿದಂತಾಗಿದ್ದರೆ ಅಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಎದ್ದಿರುವ ಸಿಪ್ಪೆಯನ್ನು ಉಗುರಿನಿಂದ ಕೀಳುವುದು, ಒರಟು ಟವೆಲ್‌ನಿಂದ ತಿಕ್ಕಿ ತೆಗೆಯುವುದು, ಸ್ಕ್ರಬ್ ಹಾಕುವುದು ಬೇಡ. ತಾನಾಗಿ ಉದುರುವವರೆಗೆ ಅದು ಕೆಳಗಿನ ಎಳೆಯ ಚರ್ಮಕ್ಕೆ ಹೊದಿಕೆ. ಮುಖ ತೊಳೆದು ಮಾಯಿಶ್ಚರೈಸರ್ ಹಚ್ಚಿದಾಗ ಚುರುಗುಟ್ಟದಂತಾಯಿತೆಂದರೆ ಜೆಲ್ ಮತ್ತೆ ಶುರುಮಾಡಬಹುದು. ಅದಕ್ಕೆ ಐದರ ಬದಲು ಎಂಟು ದಿನ ಹಿಡಿದರೆ ಎಂಟು ದಿನ ಕಾಯಿರಿ.

ಮತ್ತೆ ಶುರುಮಾಡುವಾಗ ಪ್ರತಿರಾತ್ರಿ ಬೇಡ. ಮೊದಲ ಎರಡು ವಾರ ಎರಡು ರಾತ್ರಿ ಬಿಟ್ಟು ಮೂರನೆಯ ರಾತ್ರಿ ಹಚ್ಚಿ. ಮುಖ ಸುಮ್ಮನಿದ್ದರೆ ಮುಂದಿನ ಎರಡು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಅದೂ ಒಗ್ಗಿದರೆ ಆಮೇಲೆ ಪ್ರತಿರಾತ್ರಿ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿಗೇ ನಿಂತುಬಿಡುವವರೂ ಇದ್ದಾರೆ, ಅವರಿಗೂ ಗುಣ ಕಾಣುತ್ತದೆ. ಆರು ತಿಂಗಳು ವಾರಕ್ಕೆ ಮೂರು ರಾತ್ರಿ ಹಚ್ಚುವವರು ನನಗೆ ಇಷ್ಟ. ಮೂರು ವಾರ ದಿನವೂ ಹಚ್ಚಿ ನಾಲ್ಕನೆಯ ವಾರ ಟ್ಯೂಬನ್ನು ಬುಟ್ಟಿಗೆ ಎಸೆದರೆ ಅಂಥವರಿಗೂ ಲಾಭವಿಲ್ಲ, ನನಗೂ ಸಮಾಧಾನವಿಲ್ಲ.

ಹಚ್ಚುವ ಕೈಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಕೆಲಸದಿಂದ ಬಂದವರು ಊಟಕ್ಕೆ ಮೊದಲೇ ಮುಖ ತೊಳೆದುಬಿಡಿ. ಮೆತ್ತನೆಯ ಹತ್ತಿಯ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಬರುವಷ್ಟರಲ್ಲಿ ಮುಖ ಪೂರ್ತಿ ಒಣಗಿರುತ್ತದೆ. ಒದ್ದೆ ಮುಖದ ಮೇಲೆ ಹಚ್ಚಿದರೆ ಉರಿ ಹೆಚ್ಚುವುದು ನಾನು ಪದೇ ಪದೇ ಕಂಡ ಸಂಗತಿ. ಮೂಗಿನ ಎರಡೂ ಬದಿಯ ಸಂದು, ತುಟಿಯ ಕೊನೆಗಳು, ಕಣ್ಣಿನ ಮೂಲೆಗಳು, ಈ ಜಾಗಗಳಿಗೆ ಮೊದಲು ಪೆಟ್ರೋಲಿಯಂ ಜೆಲ್ಲಿಯ ಒಂದು ಗೆರೆ ಎಳೆಯಿರಿ. ಲೇಪ ಜಾರಿ ಬಂದು ನಿಲ್ಲುವುದು ಆ ತಗ್ಗುಗಳಲ್ಲೇ, ಮೊದಲು ಸುಡುವುದೂ ಅವೇ. ಬಳಿಕ ಮುಖಕ್ಕೆಲ್ಲ ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಬಿಡಿ. ಈಗ ಜೆಲ್: ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಅದಕ್ಕಿಂತ ಹೆಚ್ಚಿಲ್ಲ. ಅದನ್ನು ಬೆರಳ ತುದಿಗೆ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗದ್ದ, ಮೂಗಿನ ತುದಿ ಹೀಗೆ ಐದು ಚುಕ್ಕೆ ಇಟ್ಟು, ಚುಕ್ಕೆಯಿಂದ ಹೊರಕ್ಕೆ ತೆಳುವಾಗಿ ಹರಡಿ. ಹರಡಿದ ಮೇಲೆ ಮುಖದ ಮೇಲೆ ಏನೂ ಕಾಣಬಾರದು. ಬಿಳಿ ಪದರ ಕಂಡರೆ ಹೆಚ್ಚಾಗಿದೆ. ಕೊನೆಗೆ ಇನ್ನೊಂದು ಸುತ್ತು ಮಾಯಿಶ್ಚರೈಸರ್. ಹಿಂದೆ ಮುಂದೆ ಎರಡೂ ಕಡೆ ಮಾಯಿಶ್ಚರೈಸರ್ ಇರುವ ಈ ಕ್ರಮಕ್ಕೆ ಸ್ಯಾಂಡ್‌ವಿಚ್ ಎಂದೇ ಹೆಸರು ಬಿದ್ದಿದೆ. ಔಷಧಿ ಒಳಗಿಳಿಯುವ ವೇಗ ಇದರಿಂದ ಸ್ವಲ್ಪ ಕುಗ್ಗಬಹುದು, ಆದರೆ ನಿಮಗೆ ಈಗ ಬೇಕಿರುವುದೂ ಅದೇ. ಮುಖ ಒಗ್ಗಿದ ಮೇಲೆ ಕೆಳಗಿನ ಪದರವನ್ನು ಬಿಟ್ಟು ಮೇಲಿನದನ್ನು ಉಳಿಸಿಕೊಳ್ಳಿ.

ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ಟ್ಯೂಬೇ ಸಾಕ್ಷಿ. ಬಟಾಣಿ ಕಾಳಿನಷ್ಟು ಎಂದರೆ ಸುಮಾರು ಕಾಲು ಗ್ರಾಂ. 15 ಗ್ರಾಂನ ಟ್ಯೂಬ್ ಪ್ರತಿರಾತ್ರಿ ಹಚ್ಚಿದರೂ ಎರಡು ತಿಂಗಳ ಹತ್ತಿರ ಬರಬೇಕು. ನಿಮ್ಮ ಟ್ಯೂಬ್ ಈ ಹನ್ನೆರಡು ದಿನಗಳಲ್ಲಿ ಅರ್ಧ ಖಾಲಿಯಾಗಿದ್ದರೆ ಉರಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಇಷ್ಟೆಲ್ಲ ಎಚ್ಚರ ವಹಿಸಿದರೂ ಉರಿಯುವುದಾದರೆ ಇನ್ನೊಂದು ದಾರಿಯಿದೆ: ಜೆಲ್ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದುಬಿಡುವುದು, ವಾರ ಕಳೆದಂತೆ ಒಂದು ಗಂಟೆಗೆ ಏರಿಸುವುದು, ಆಮೇಲೆ ರಾತ್ರಿಯಿಡೀ ಬಿಡುವುದು. ಅತಿ ಸೂಕ್ಷ್ಮ ಚರ್ಮದವರನ್ನು ನಾನು ಈ ದಾರಿಯಲ್ಲೇ ನಡೆಸುತ್ತೇನೆ.

ಮಾಯಿಶ್ಚರೈಸರನ್ನು ಇಷ್ಟು ಒತ್ತಿ ಹೇಳುತ್ತಿರುವುದು ನಿಮಗೆ ವಿಚಿತ್ರವೆನಿಸಬಹುದು. ಮೊಡವೆಯ ಮುಖ ಮೊದಲೇ ಎಣ್ಣೆ ಜಿಡ್ಡು, ಅದರ ಮೇಲೆ ಕ್ರೀಮ್ ಬೇರೆಯೇ ಎಂದು ಕೇಳದವರು ಕಡಿಮೆ. ಎಣ್ಣೆಯೇ ಬೇರೆ, ತೇವವೇ ಬೇರೆ. ಜಿಡ್ಡಿನ ಚರ್ಮವೂ ಒಳಗೆ ನೀರಿಲ್ಲದೆ ಬಿಗಿದುಕೊಳ್ಳಬಹುದು. ಕೊಳ್ಳುವಾಗ ಡಬ್ಬಿಯ ಮೇಲಿನ ಹೂವಿನ ಚಿತ್ರ ನೋಡದೆ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಗ್ಲಿಸರಿನ್, ಸೆರಮೈಡ್ ಇರಲಿ, ನಯಾಸಿನಮೈಡ್ ಇದ್ದರೂ ಒಳ್ಳೆಯದೇ, ಸುವಾಸನೆ ಬೇಡ, ರೋಮಕೂಪ ಮುಚ್ಚುವುದಿಲ್ಲ ಎಂಬ ಅರ್ಥದ ‘ನಾನ್-ಕಾಮೆಡೋಜೆನಿಕ್’ ಎಂಬ ಮಾತಿರಲಿ. ಬೆಲೆಗೂ ಗುಣಕ್ಕೂ ಇಲ್ಲಿ ಅಂಥ ನಂಟಿಲ್ಲ. ಬೆಂಗಳೂರಿನ ಡಿಸೆಂಬರ್ ಜನವರಿಯ ಒಣ ಚಳಿಗೆ ಕ್ರೀಮ್ ರೂಪದ್ದು ಹಿತ. ಮಂಗಳೂರು ಕಾರವಾರಗಳ ಬೆವರಿನ ಸೆಕೆಯಲ್ಲಿರುವವರಿಗೆ ತೆಳುವಾದ ಲೋಷನ್ ಸಾಕು. ನಿಮ್ಮ ಆಫೀಸಿನಲ್ಲಿ ದಿನವಿಡೀ ಏಸಿ ಇದ್ದರೆ ಬ್ಯಾಗಿನಲ್ಲೊಂದು ಸಣ್ಣ ಟ್ಯೂಬ್ ಇಟ್ಟುಕೊಳ್ಳಿ.

ಮುಖ ತೊಳೆಯುವುದು ದಿನಕ್ಕೆ ಎರಡು ಬಾರಿ ಸಾಕು, ಬೆಳಿಗ್ಗೆ ಬರಿಯ ನೀರಾದರೂ ನಡೆಯುತ್ತದೆ. ಸ್ನಾನದ ಸೋಪನ್ನು ಮುಖಕ್ಕೆ ತರಬೇಡಿ. ಚರ್ಮದ ಪಿಎಚ್ ಐದರ ಆಸುಪಾಸಿನಲ್ಲಿದ್ದರೆ ಮಾಮೂಲಿ ಸೋಪಿನದು ಒಂಬತ್ತು ಹತ್ತು; ಬೋರ್‌ವೆಲ್‌ನ ಗಡಸು ನೀರಿನಲ್ಲಂತೂ ಸೋಪು ನೊರೆಯಾಗುವುದರ ಬದಲು ಸುಣ್ಣದಂಥ ಗಸಿಯಾಗಿ ಚರ್ಮದ ಮೇಲೇ ಕೂರುತ್ತದೆ. ನೊರೆ ಕಡಿಮೆ ಬರುವ, ಸೋಪಿಲ್ಲದ ಕ್ಲೆನ್ಸರ್ ಸಾಕು. ತೊಳೆದ ಮೇಲೆ ಮುಖ ‘ಕಿರ್’ ಎನ್ನುವಷ್ಟು ಸ್ವಚ್ಛವೆನಿಸಿದರೆ ಅದು ಅತಿಯಾಯಿತೆಂದೇ ತಿಳಿಯಿರಿ.

ಸನ್‌ಸ್ಕ್ರೀನ್ ಬಗ್ಗೆ ನಿಮ್ಮ ವೈದ್ಯರು ಹೇಳಿಯೇ ಇದ್ದಾರೆ, ನಾನು ಎರಡು ಮಾತು ಸೇರಿಸುತ್ತೇನೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು, ಮುಖ ಕತ್ತುಗಳಿಗೆ. ಒಂದು ಚುಕ್ಕೆ ಹಚ್ಚಿದರೆ ಡಬ್ಬಿಯ ಮೇಲೆ ಬರೆದ ರಕ್ಷಣೆಯ ಸಣ್ಣ ಪಾಲಷ್ಟೇ ಸಿಗುತ್ತದೆ. ನಿಮಗೆ ಕಪ್ಪು ಕಲೆಯ ಚಿಂತೆ ಇರುವುದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಆರಿಸಿಕೊಳ್ಳಿ. ನಮ್ಮ ಬಣ್ಣದ ಚರ್ಮದಲ್ಲಿ ಕಲೆಯನ್ನು ಗಾಢವಾಗಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಅದನ್ನು ತಡೆಯುವ ಶಕ್ತಿ ಆ ಬಣ್ಣಕ್ಕಿದೆ. ಸ್ಕೂಟರ್‌ನಲ್ಲಿ ಓಡಾಡುವವರಾದರೆ ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುವ ನಮ್ಮ ಹುಡುಗಿಯರ ಪದ್ಧತಿಯೂ ಒಳ್ಳೆಯದೇ, ದುಪಟ್ಟಾ ಆಗಾಗ ಒಗೆದದ್ದಾಗಿರಲಿ.

ಹೊಸ ಮೊಡವೆಗಳ ವಿಷಯದಲ್ಲಿ ಎರಡನ್ನು ಬೇರ್ಪಡಿಸಬೇಕು. ಕೆನ್ನೆ, ಗದ್ದಗಳಲ್ಲಿ, ಎಂದರೆ ನಿಮಗೆ ಯಾವಾಗಲೂ ಮೊಡವೆ ಬರುವ ಕಡೆಗಳಲ್ಲಿ, ಈಗ ಒಂದಿಷ್ಟು ಹೆಚ್ಚು ಕಂಡಿದ್ದರೆ ಅದು ಒಳಗಿದ್ದ ಬಿರಡೆಗಳು ಬೇಗ ಹೊರಬೀಳುತ್ತಿರುವುದು. ಸಾಮಾನ್ಯವಾಗಿ ಆರು ವಾರದೊಳಗೆ ತಗ್ಗುತ್ತದೆ. ಹಣೆಯ ಗುಳ್ಳೆಗಳನ್ನು ನಾನು ಆ ಲೆಕ್ಕಕ್ಕೆ ಸೇರಿಸಲಾರೆ. ಮೊದಲು ಇಲ್ಲದ ಜಾಗ, ಎಲ್ಲವೂ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎಂದರೆ ನಾನು ಮೊದಲು ತಲೆಗೂದಲಿಗೆ ಹಚ್ಚುವ ಎಣ್ಣೆಯನ್ನು ಅನುಮಾನಿಸುತ್ತೇನೆ, ಆಮೇಲೆ ಹೊಸ ಸೀರಮ್ ಮತ್ತು ಟೋನರನ್ನು. ಅವು ತುರಿಸುತ್ತಿದ್ದರೆ ಚರ್ಮದ ಮೇಲಿನ ಯೀಸ್ಟ್‌ನಿಂದ ಬರುವ ಬೇರೆಯೇ ತೊಂದರೆ ಇರಬಹುದು. ಅದಕ್ಕೆ ಮದ್ದೂ ಬೇರೆ, ವೈದ್ಯರು ಕಣ್ಣಾರೆ ನೋಡಬೇಕು. ತಲೆಗೆ ಎಣ್ಣೆ ಹಾಕುವುದಾದರೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಾಕಿ ತೊಳೆದುಬಿಡಿ. ರಾತ್ರಿ ಹಾಕಿ ಮಲಗಿದರೆ ಆ ಎಣ್ಣೆ ದಿಂಬಿಗೆ, ದಿಂಬಿನಿಂದ ಹಣೆಗೆ. ಕೊಬ್ಬರಿ ಎಣ್ಣೆ ಕೂದಲಿಗೆ ಎಷ್ಟು ಒಳ್ಳೆಯದೋ ಮೊಡವೆಯ ಮುಖಕ್ಕೆ ಅಷ್ಟೇ ತೊಡಕು.

ಅಮ್ಮನ ಮಾತಿಗೆ ಬರೋಣ. ಕಡಲೆಹಿಟ್ಟು ಜಿಡ್ಡು ತೆಗೆಯುತ್ತದೆ, ಅರಿಶಿನಕ್ಕೆ ಉರಿಯೂತ ತಗ್ಗಿಸುವ ಗುಣವಿದೆ; ಅವರು ಹೇಳುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ರೆಟಿನಾಯ್ಡ್ ಹಚ್ಚುತ್ತಿರುವ ಚರ್ಮಕ್ಕೆ ಇರುವ ಅಲ್ಪಸ್ವಲ್ಪ ಜಿಡ್ಡೂ ಬೇಕು, ಒಣಗಿದ ಹಿಟ್ಟನ್ನು ಉಜ್ಜಿ ತೆಗೆಯುವಾಗ ಅದು ಸ್ಕ್ರಬ್ಬೇ ಆಗಿಬಿಡುತ್ತದೆ. ಕೈಗೆ, ಕಾಲಿಗೆ ಧಾರಾಳವಾಗಿ ಹಚ್ಚಿಕೊಳ್ಳಿ, ಮುಖಕ್ಕೆ ಬೇಡ ಎಂದು ಅವರಿಗೆ ಹೇಳಿ. ನಿಂಬೆರಸ ಮತ್ತು ಟೂತ್‌ಪೇಸ್ಟ್ ಮಾತ್ರ ಯಾರು ಹೇಳಿದರೂ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಿ ಕೆನ್ನೆ ಸುಟ್ಟುಕೊಂಡು ಬಂದವರ ಕಲೆ ಹೋಗಲು ಮೊಡವೆಯ ಕಲೆಗಿಂತ ಹೆಚ್ಚು ತಿಂಗಳು ಹಿಡಿದದ್ದನ್ನು ನೋಡಿದ್ದೇನೆ.

ಗೆಳತಿಯ ಮಾತು ಕೇಳಿ ಕೊಂಡವುಗಳಲ್ಲಿ ಟೋನರ್ ನಿಮಗೆ ಬೇಕೇ ಇಲ್ಲ. ಸ್ಯಾಲಿಸಿಲಿಕ್ ಆಮ್ಲವೂ ರೋಮಕೂಪದ ಬಿರಡೆಯನ್ನೇ ಸಡಿಲಿಸುವುದು, ಜೆಲ್ ಮಾಡುವ ಕೆಲಸಕ್ಕೆ ಇನ್ನೊಬ್ಬ ಆಳನ್ನು ಇಟ್ಟಂತೆ; ಸದ್ಯಕ್ಕೆ ಬೆನ್ನಿಗೆ ಮೊಡವೆಯಿದ್ದರೆ ಅಲ್ಲಿಗೆ ಬಳಸಿ ಖಾಲಿ ಮಾಡಿ. ವಿಟಮಿನ್ ಸಿ ಕೆಟ್ಟದ್ದಲ್ಲ, ಮೂರು ತಿಂಗಳ ನಂತರ ಮುಖ ಒಗ್ಗಿದ್ದರೆ ಬೆಳಗಿನ ಹೊತ್ತು ಶುರುಮಾಡಬಹುದು. ಅಷ್ಟರೊಳಗೆ ಸೀರಮ್ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆದುಬಿಡಿ. ಕೆಲವು ವರ್ಷಗಳ ಹಿಂದೆ ಒಬ್ಬ ಕಾಲೇಜು ಹುಡುಗಿ ನನ್ನ ಮೇಜಿನ ಮೇಲೆ ಬಟ್ಟೆಯ ಚೀಲ ಬಗ್ಗಿಸಿದಾಗ ಹನ್ನೊಂದು ಬಾಟಲಿಗಳು ಉರುಳಿದವು. ಅವುಗಳಲ್ಲಿ ನಾನು ಬರೆದುಕೊಟ್ಟ ಲೇಪದ ಟ್ಯೂಬ್ ಒಂದೇ ಸೀಲ್ ಒಡೆಯದೆ ಉಳಿದಿತ್ತು, ‘ಅದು ಬರೀ ಉರಿಯುತ್ತದೆ ಅಂದ್ರು, ಅದಕ್ಕೆ ಹಚ್ಚಲಿಲ್ಲ ಮೇಡಂ’ ಎಂದಳು. ಉಳಿದ ಹತ್ತರಲ್ಲಿ ನಾಲ್ಕರಲ್ಲಿ ಒಂದಲ್ಲ ಒಂದು ಆಮ್ಲವಿತ್ತು. ಆ ಹತ್ತನ್ನೂ ಚೀಲಕ್ಕೆ ಮರಳಿ ತುಂಬಿಸಿ, ಆ ಟ್ಯೂಬಿನ ಜೊತೆ ಒಂದು ಮಾಯಿಶ್ಚರೈಸರ್ ಮಾತ್ರ ಹೊರಗಿಟ್ಟುಕೊಳ್ಳಲು ಹೇಳಿದೆ. ಮೂರು ತಿಂಗಳಿಗೆ ಅವಳ ಮುಖ ತಿಳಿಯಾಗಿತ್ತು.

ಪಾರ್ಲರ್ ವಿಷಯದಲ್ಲಿ ಕಟ್ಟುನಿಟ್ಟಾಗಿರುತ್ತೇನೆ. ಜೆಲ್ ಹಚ್ಚುವ ಜಾಗದಲ್ಲಿ ವ್ಯಾಕ್ಸಿಂಗ್ ಬೇಡವೇ ಬೇಡ, ಕೂದಲಿನೊಂದಿಗೆ ಚರ್ಮವೂ ಕಿತ್ತುಬರುತ್ತದೆ. ಹುಬ್ಬಿನ ಥ್ರೆಡಿಂಗ್ ಪರವಾಗಿಲ್ಲ, ಜೆಲ್ ಅಲ್ಲಿಗೆ ಹೋಗುವುದಿಲ್ಲ. ಮೇಲ್ದುಟಿಗೆ ಮಾಡಿಸುವುದಾದರೆ ಐದಾರು ದಿನ ಮೊದಲೇ ಅಲ್ಲಿ ಜೆಲ್ ನಿಲ್ಲಿಸಿ, ಆದ ಮೇಲೆ ಎರಡು ದಿನ ಬಿಟ್ಟು ಮತ್ತೆ ಹಚ್ಚಿ. ಬ್ಲೀಚ್ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಉರಿ ತಾಳದೆ ಮೆಡಿಕಲ್ ಶಾಪಿಗೆ ಹೋಗಿ ‘ಮುಖಕ್ಕೆ ಏನಾದರೂ ಕೊಡಿ’ ಎಂದು ಕೇಳಬೇಡಿ. ಅಲ್ಲಿಂದ ಬರುವ ಟ್ಯೂಬಿನಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ; ಚರ್ಮದ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಈ ಮೂರೂ ಸೇರಿದ ಲೇಪವನ್ನು ನಮ್ಮ ದೇಶದಲ್ಲಿ ಮುಖ ಬೆಳ್ಳಗಾಗಲೆಂದು ವರ್ಷಗಟ್ಟಲೆ ಹಚ್ಚುವವರಿದ್ದಾರೆ. ನಾಲ್ಕು ದಿನದಲ್ಲಿ ಉರಿ, ಕೆಂಪು ಎಲ್ಲ ಮಾಯ. ನಾಲ್ಕು ತಿಂಗಳಲ್ಲಿ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣತೊಡಗಿ, ಬಿಟ್ಟರೆ ಮುಖವಿಡೀ ಮೊಡವೆ. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟಿರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ, ಆದರೂ ಅವು ಕೈಗೆ ಸಿಗುತ್ತಲೇ ಇವೆ. ನಿಮ್ಮ ವೈದ್ಯರು ಮುಂದೆ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆನ್ಜಾಯಿಲ್ ಪೆರಾಕ್ಸೈಡ್ ಸೇರಿಸಬಹುದು, ಅದನ್ನು ಅಡಾಪಲೀನ್ ಜೊತೆ ಬಳಸಬಹುದು. ದಿಂಬಿನ ಚೀಲದ ಬಣ್ಣ ಹೋಗುವುದು ಅದರಿಂದಲೇ, ಬಿಳಿ ಬಟ್ಟೆ ಬಳಸಿ.

ಗರ್ಭಿಣಿಯರು ರೆಟಿನಾಯ್ಡ್ ಲೇಪ ಹಚ್ಚಬಾರದು. ನಿಮಗೆ ಈಗ ಅನ್ವಯಿಸದಿರಬಹುದು, ಆದರೆ ಈ ಟ್ಯೂಬು ಅಕ್ಕ ತಂಗಿಯರ ನಡುವೆ ಕೈ ಬದಲಾಯಿಸುವುದು ನನಗೆ ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ಮದುವೆಯಾಗಲಿರುವ ಅಕ್ಕನಿಗೆ ನಿಮ್ಮ ಜೆಲ್ ಕೊಡಬೇಡಿ.

ಮುಖ ಊದಿಕೊಂಡರೆ, ನೀರುಗುಳ್ಳೆ ಎದ್ದರೆ, ರಸ ಒಸರಿದರೆ, ಕಣ್ಣಿನ ರೆಪ್ಪೆ ಬಾತರೆ ಐದು ದಿನ ಕಾಯದೆ ವೈದ್ಯರ ಬಳಿ ಹೋಗಿ; ಅದು ಅಲರ್ಜಿ ಇರಬಹುದು. ಮುಟ್ಟಿದರೆ ನೋಯುವ ಆಳದ ಗಂಟುಗಳಿದ್ದರೆ, ಹಳ್ಳ ಬೀಳುವ ಕಲೆಗಳಾಗುತ್ತಿದ್ದರೆ ಲೇಪ ಮಾತ್ರ ಸಾಲದು. ಮುಟ್ಟು ತಿಂಗಳು ತಪ್ಪುತ್ತಿದ್ದರೆ, ಗದ್ದದ ಮೇಲೆ ಒರಟು ಕೂದಲು ಬರುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ಏರುಪೇರು ಇದೆಯೇ ಎಂದು ನೋಡಬೇಕಾಗುತ್ತದೆ, ಆ ಮಾತನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಹೋಗುವಾಗ ಬಳಸುತ್ತಿರುವ ಎಲ್ಲ ಬಾಟಲಿಗಳನ್ನೂ ಜೊತೆಗೆ ಒಯ್ಯಿರಿ, ಹೆಸರು ನೆನಪಿಟ್ಟುಕೊಂಡು ಹೇಳುವುದಕ್ಕಿಂತ ಅದು ವಾಸಿ.

ಕೊನೆಗೆ ಮದುವೆ. ಅಡಾಪಲೀನ್‌ನ ಫಲವನ್ನು ಅಳೆಯುವುದು 12 ವಾರಗಳಿಗೆ. ನಡುವೆ ಐದಾರು ದಿನ ನಿಲ್ಲಿಸಿ, ಮೆಲ್ಲಗೆ ಏರಿಸಿದರೂ ನಿಮ್ಮ ನಾಲ್ಕೂವರೆ ತಿಂಗಳಲ್ಲಿ ಅದಕ್ಕೆ ಸಮಯವಿದೆ. ಹೊಸ ಮೊಡವೆ ಬಹುಮಟ್ಟಿಗೆ ಕಡಿಮೆಯಾಗಿರುತ್ತದೆ ಎಂದು ಭರವಸೆ ಇಡಬಹುದು. ಹಳೆಯ ಕಲೆಗಳು ತಿಳಿಯಾಗಿರುತ್ತವೆ, ಪೂರ್ತಿ ಹೋಗಿರುತ್ತವೆಂದು ಹೇಳಲಾರೆ. ಮದುವೆಯ ವಾರ ಹೊಸದೇನನ್ನೂ ಮುಖಕ್ಕೆ ತರಬೇಡಿ, ಬೇರೆಯವರೆಲ್ಲ ಫೇಶಿಯಲ್‌ಗೆ ಹೊರಟಾಗ ನೀವು ಕೈಗೆ ಮೆಹಂದಿ ಹಾಕಿಸಿಕೊಂಡು ಕುಳಿತಿರಿ. ಅರಿಶಿನ ಶಾಸ್ತ್ರಕ್ಕೆ ನಾಲ್ಕು ರಾತ್ರಿ ಮೊದಲೇ ಜೆಲ್ ನಿಲ್ಲಿಸಿ. ಅತ್ತೆ ಚಿಕ್ಕಮ್ಮಂದಿರು ನಿಮ್ಮ ಕೆನ್ನೆಗೂ ಅರಿಶಿನ ಸವರದೆ ಬಿಡುವುದಿಲ್ಲ. ಸವರಲಿ, ಆದರೆ ಮೊದಲೇ ಮುಖಕ್ಕೆ ಮಾಯಿಶ್ಚರೈಸರ್ ಹಚ್ಚಿಕೊಂಡಿರಿ, ಹತ್ತು ನಿಮಿಷದೊಳಗೆ ಉಗುರುಬೆಚ್ಚಗಿನ ನೀರಿನಿಂದ ತೊಳೆದುಬಿಡಿ. ತಿಕ್ಕಿ ತೆಗೆಯಬೇಡಿ, ಎರಡು ದಿನ ಸ್ವಲ್ಪ ಹಳದಿ ಉಳಿದರೆ ಉಳಿಯಲಿ. ಮದುವೆ ಮುಗಿದ ಮೂರನೆಯ ರಾತ್ರಿಯಿಂದ ಮತ್ತೆ ಬಟಾಣಿ ಕಾಳಿನಷ್ಟು ಹಚ್ಚಿ.